ಸಗೀರಾ ಅವರ ಎಡಗೈ ಹಿಡಿದ ಸಾಲು

ಸೂರ್ಯ ಇನ್ನೂ ಎದ್ದಿಲ್ಲ. ಸಿಂದಗಿ ಕಡೆಯ ದೇವಣಗಾಂವದ ಎರೆಹೊಲದ ಮೇಲೆ ಭೀಮಾ ನದಿಯಿಂದ ಬಂದ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಎತ್ತುಗಳ ಕಾಲು ಕಾಣುವುದಿಲ್ಲ. ಬೆನ್ನು, ಕೊಂಬು, ಕೊರಳ ಗೆಜ್ಜೆಯ ಸದ್ದು ಮಾತ್ರ ತೇಲುತ್ತ ಬರುತ್ತವೆ. ಎತ್ತುಗಳ ಹಿಂದೆ ಕೂರಿಗೆ, ಕೂರಿಗೆಯ ಹಿಂದೆ ಸಗೀರಾ. ಉಡಿಯಲ್ಲಿ ಗೋಧಿ ಬೀಜ ಕಟ್ಟಿಕೊಂಡು, ಎಡಗೈ ಮುಷ್ಟಿಯನ್ನು ಕೂರಿಗೆಯ ಮರದ ಬಟ್ಟಲಿನ ಮೇಲೆ ಹಿಡಿದು ನಡೆಯುತ್ತಿದ್ದಾರೆ. ಮುಷ್ಟಿಯಿಂದ ಸಣ್ಣಗೆ ಜಾರುವ ಬೀಜ ಬಟ್ಟಲಿನ ಮೂರು ತೂತುಗಳಲ್ಲಿ ಹಂಚಿಹೋಗಿ, ಮೂರು ಬಿದಿರಿನ ಕೊಳವೆಗಳ ಮೂಲಕ ಮಣ್ಣು ಸೇರುತ್ತದೆ.

ಜೊತೆಗೆ ಹೆಜ್ಜೆ ಹಾಕುತ್ತ ನಾನೇನೋ ಕೇಳಲು ಹೋಗುತ್ತೇನೆ. "ಸ್ವಲ್ಪ ತಡೀರಿ. ಬದು ಮುಟ್ಲಿ," ಎನ್ನುತ್ತಾರೆ, ತಿರುಗಿ ನೋಡದೆ.

ಬದು ಮುಟ್ಟಿದ ಮೇಲೆ ನಗುತ್ತಾರೆ. "ಮಾತಿಗಿ ಹತ್ತಿದ್ರ ಕೈ ಬಿಗಿ ಆಗ್ತೈತ್ರಿ. ಕೈ ಬಿಗಿ ಆದ್ರ ಸಾಲು ಹರೀತೈತಿ. ಎಂಟು ದಿನಕ್ಕ ಮೊಳಕಿ ಬಂದಾಗ, ಇಲ್ಲಿ ಆಕಿ ಮಾತಾಡಿದ್ಲು ಅಂತ ಹೊಲಾನ ಹೇಳ್ತೈತಿ."

ಸಗೀರಾ ಅವರಿಗೆ ಈಗ ಐವತ್ತೇಳು. ಸ್ವಂತ ಹೊಲವಿಲ್ಲ. ಸ್ವಾತಿ ಮಳೆಯ ಹದ ಸಿಕ್ಕಿದೊಡನೆ ಸುತ್ತಲ ಹಳ್ಳಿಗಳಿಂದ ಕರೆ ಬರುತ್ತದೆ. ಮುಂದೆ ಇಪ್ಪತ್ತು ದಿನ ಬಿಡುವಿಲ್ಲ. ದಿನಕ್ಕೆ ಮೂರು ಎಕರೆ. ಅಷ್ಟು ಬಿತ್ತಲು ಕೂರಿಗೆಯ ಹಿಂದೆ ಹದಿನೇಳು ಕಿಲೋಮೀಟರ್ ನಡೆಯಬೇಕಾಗುತ್ತದೆ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಅವರು ನಂಬಲಿಲ್ಲ. "ದಿನಾ ಅಷ್ಟು ದೂರ ನಡದಿದ್ರ ನಾ ಇಷ್ಟೊತ್ತಿಗೆ ಬಾಗೇವಾಡಿ ದಾಟಿ ಮುಳವಾಡ ಮುಟ್ಟತಿದ್ನಿ," ಎಂದರು. ಒಂದು ಕ್ವಿಂಟಲಿಗೂ ಹೆಚ್ಚು ಬೀಜ ಒಂದೇ ದಿನ ಆ ಮುಷ್ಟಿಯಿಂದ ಜಾರಿ ಹೋಗುತ್ತದೆ.

ಈ ಸೀಮೆಯಲ್ಲಿ ಗೋಧಿಯನ್ನು ಹೆಚ್ಚು ನೀರು ಕೊಟ್ಟು ಬೆಳೆಯುವುದಿಲ್ಲ. ಮಳೆಗಾಲದ ತೇವವನ್ನು ಎರೆಮಣ್ಣು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲದ ಮಂಜು ಮೇಲಿನಿಂದ ಕೈಜೋಡಿಸುತ್ತದೆ. ಎರಡರ ನಡುವೆ ತೆನೆ ತೂಗುತ್ತದೆ. ಮುದ್ದೇಬಿಹಾಳದ ಕಡೆ ಕಾಲುವೆಗೆ ಕೃಷ್ಣೆಯ ನೀರು ಬಂತು, ಇಂಡಿಯ ಸುತ್ತ ನಿಂಬೆ ತೋಟಗಳೆದ್ದವು, ಉಳಿದ ಕಡೆ ಕಬ್ಬು, ತೊಗರಿ ಹಬ್ಬಿದವು. ಗೋಧಿ ಹೊಲಗಳು ಕಿರಿದಾಗುತ್ತ ಬಂದವು. ಉಳಿದ ಗೋಧಿಯನ್ನೂ ಬಹಳಷ್ಟು ಜನ ಈಗ ಟ್ರ್ಯಾಕ್ಟರ್ ಕೂರಿಗೆಯಿಂದಲೇ ಬಿತ್ತುತ್ತಾರೆ. ಆದರೆ ಹಳೆಯ ಜವೆ ಗೋಧಿ ಯಂತ್ರಕ್ಕೆ ಒಗ್ಗುವುದಿಲ್ಲ. ಅದನ್ನು ಸಿಪ್ಪೆ ಸಮೇತ ಬಿತ್ತಬೇಕು, ಸಿಪ್ಪೆ ಯಂತ್ರದ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಜನಕ್ಕೆ ಸಗೀರಾ ನೆನಪಾಗುತ್ತಾರೆ.

ಅವರ ತವರು ಕೃಷ್ಣಾ ದಂಡೆಯ ತಂಗಡಗಿ. ತಾಯಿ ಶಮ್ಶುನ್ನೀಸಾ ಅಲ್ಲಿ ಹೆಸರಾದ ಬಿತ್ತುವ ಹೆಣ್ಣುಮಗಳು. "ಅವ್ವ ನನ್ನ ಕೈಯಾಗ ಕಾಳು ಹಾಕಿ, ಮ್ಯಾಲ ತನ್ನ ಕೈ ಮುಚ್ಚಿ ನಡೀತಿದ್ಲು. ಏನೂ ಹೇಳಿಕೊಡಲಿಲ್ಲ. ಆಕಿ ಕೈ ಸಡ್ಲ ಆದಾಗ ನನ್ನ ಕೈನೂ ಸಡ್ಲ ಆಗ್ತಿತ್ತು. ಒಂದ್ ದಿನ ನೋಡಿದ್ರ ಆಕಿ ಬದುವಿನ ಮ್ಯಾಲ ಕುಂತಾಳ, ನಾ ಒಬ್ಬಾಕಿನ ಬಿತ್ತಾಕತ್ತೇನಿ."

ಮದುವೆಯಾಗಿ ದೇವಣಗಾಂವಕ್ಕೆ ಬಂದರು. ಗಂಡ ಮೋದಿನಸಾಬ ಮರಗೆಲಸದವರು, ಊರಿನ ಕೂರಿಗೆ, ಕುಂಟೆಗಳನ್ನು ರಿಪೇರಿ ಮಾಡುತ್ತಾರೆ. ಎಲ್ಲ ಸರಿಯಾಗಿಯೇ ಇತ್ತು. ಹನ್ನೆರಡು ವರ್ಷಗಳ ಹಿಂದೆ, ಸುಗ್ಗಿಯ ಒಂದು ಮಧ್ಯಾಹ್ನ, ರಾಶಿ ಮಾಡುವ ಯಂತ್ರಕ್ಕೆ ತೆನೆಯ ಸಿವುಡು ಕೊಡುವಾಗ ಸಗೀರಾ ಅವರ ಬಲಗೈ ಒಳಗೆ ಹೋಯಿತು. ತೋರುಬೆರಳು, ನಡುಬೆರಳು ಹೋದವು. ಬೀಜದ ಧಾರೆಯನ್ನು ಹಿಡಿಯುವುದೂ ಬಿಡುವುದೂ ಅವೇ ಎರಡು ಬೆರಳು.

ಗಾಯ ಮಾದ ಮೇಲೆ ಯಾರೂ ಕೆಟ್ಟ ಮಾತಾಡಲಿಲ್ಲ. ಅದೇ ಹೆಚ್ಚು ಸಂಕಟವಾಯಿತು ಎನ್ನುತ್ತಾರೆ. "ಎಲ್ಲಾರೂ ಪಾಪ ಅಂದ್ರು. ಮನ್ಯಾಗ ಆರಾಮ ಕುಂಡ್ರವಾ ಅಂದ್ರು. ಆ ವರ್ಷ ಸ್ವಾತಿ ಮಳಿ ಬಂತು, ಮಣ್ಣಿನ ವಾಸನಿ ಮನೀ ತನಕ ಬಂತು. ಕರ್ಯಾಕ ಯಾರೂ ಬರಲಿಲ್ಲ. ನಾ ಬಾಗಿಲಾ ಹಾಕ್ಕೊಂಡು ಕುಂತ್ನಿ."

ಬಾಗಿಲು ತೆರೆಸಿದವರು ಮೋದಿನಸಾಬ. ಮುರಿದ ಕೂರಿಗೆಯೊಂದನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿ ನಿಲ್ಲಿಸಿದರು. ಮೂರು ಕೊಳವೆಗಳ ಕೆಳಗೆ ಮೂರು ತಾಟು ಇಟ್ಟರು. ಹೆಂಡತಿಯ ಎಡಗೈಗೆ ಮರಳು ಕೊಟ್ಟು, "ಹಾಕು," ಎಂದರು. ಮೊದಲ ದಿನ ಒಂದು ತಾಟು ತುಂಬಿ ಚೆಲ್ಲಿತು, ಇನ್ನೊಂದು ಖಾಲಿಯೇ ಉಳಿಯಿತು. ಅಂದಿನಿಂದ ದಿನವೂ ಮುಂಜಾನೆ ಅದೇ ಕೆಲಸ. ಮರಳಿನ ನಂತರ ಕಾಳು. ಎಡಗೈಗೆ ಬಲಗೈಯ ನೆನಪು ಇರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಿತ್ತು. ಸಗೀರಾ ನಿದ್ದೆಯಲ್ಲೂ ಮುಷ್ಟಿ ಬಿಗಿದು ಸಡಿಲಿಸುತ್ತಿದ್ದರಂತೆ. "ಎಬ್ಬಸ್ತಿದ್ದಿಲ್ರಿ ನಾ. ಎಲ್ಲಿ ಬಿತ್ತಾಕತ್ತಾಳೋ, ಸಾಲು ಮುಗೀಲಿ ಅಂತ ಸುಮ್ನಿರ್ತಿದ್ದೆ," ಎನ್ನುತ್ತಾರೆ ಮೋದಿನಸಾಬ.

ಹತ್ತು ತಿಂಗಳ ಮೇಲೆ ಮೂರೂ ತಾಟುಗಳಲ್ಲಿ ಕಾಳು ಸಮನಾಗಿ ಬಿತ್ತು. ಊರಿಗೆ ಮಾತ್ರ ನಂಬಿಕೆ ಬರಲಿಲ್ಲ. ಹದ ತಪ್ಪಿದರೆ ವರ್ಷದ ಬೆಳೆಯೇ ಹೋಗುತ್ತದೆ, ಯಾರು ಧೈರ್ಯ ಮಾಡುತ್ತಾರೆ? ಕಡೆಗೆ ರೈತ ಶ್ರೀಶೈಲಪ್ಪ ಒಂದು ಎಕರೆ ಬಿಟ್ಟುಕೊಟ್ಟರು, ಅದೂ ರಸ್ತೆಗೆ ಹತ್ತಿದ ಎಕರೆ. ಹೋಗಿ ಬರುವವರೆಲ್ಲ ನೋಡುವ ಜಾಗ.

"ಯಾಕ್ರೀ ಅದನ್ನ ಕೊಟ್ರಿ?" ಎಂದು, ಇಂದು ಕೂರಿಗೆಯ ಎತ್ತಿನ ಹಗ್ಗ ಹಿಡಿದು ನಿಂತಿದ್ದ ಶ್ರೀಶೈಲಪ್ಪ ಅವರನ್ನೇ ಕೇಳಿದೆ.

"ಹಿಂದಿನ ಹೊಲದಾಗ ಬಿತ್ತಿದ್ರ ನಾ ಒಬ್ಬಾವ ನೋಡ್ತಿದ್ನಿ," ಎಂದರು. "ಊರು ನೋಡಬೇಕಿತ್ತು."

ಬಿತ್ತಿದ ಎಂಟನೆಯ ದಿನ ಮೊಳಕೆ ಬಂತೆಂಬ ಸುದ್ದಿ ಬಂದಾಗ ಸಗೀರಾ ಮನೆಯಿಂದ ಕದಲಲಿಲ್ಲ. ನೋಡಲು ಹೋದದ್ದು ಮೋದಿನಸಾಬ. ಮರಳಿ ಬಂದು ಕಾಲು ತೊಳೆದರು, ನೀರು ಕುಡಿದರು. ಆಮೇಲೆ ಹೇಳಿದರು: "ಬದುವಿನ ಕಡೆ ನಾಕ್ ಮಾರು ತೆಳ್ಳಗಾಗೈತಿ. ಉಳಿದದ್ದೆಲ್ಲಾ ಸಾಲು ಹಿಡದೈತಿ." ಸಗೀರಾ ಆಗ ಅತ್ತರು. ಬೆರಳು ಹೋದ ದಿನವೂ ಅತ್ತಿರಲಿಲ್ಲವಂತೆ.

ಮರುವರ್ಷ ಶ್ರೀಶೈಲಪ್ಪ ಪೂರಾ ಹೊಲ ಕೊಟ್ಟರು. ಅದರ ಮರುವರ್ಷ ಪಕ್ಕದ ಹಳ್ಳಿಗಳ ಕರೆ ಬಂತು. ಈಗ ಅವರ ಎಡಗೈ ಎಷ್ಟು ಎಕರೆ ಬಿತ್ತಿದೆಯೋ ಯಾರೂ ಎಣಿಸಿಲ್ಲ.

ಬಿಸಿಲು ಏರುತ್ತದೆ. ಮಂಜು ಕರಗಿ, ಎತ್ತುಗಳ ಕಾಲು ಕಾಣತೊಡಗುತ್ತವೆ. ಬದುವಿನ ಮೇಲೆ ರೊಟ್ಟಿ ಬಿಚ್ಚುತ್ತ ಸಗೀರಾ ಹೇಳುತ್ತಾರೆ: "ನಡಕೋತ ನಡಕೋತ ಕಾಲು ನನ್ವು ಅನಸೂದಿಲ್ರಿ. ಹೊಲಾನ ಹಿಂದ ಸರದಂಗ ಆಗ್ತೈತಿ, ನಾ ನಿಂತಲ್ಲೇ ನಿಂತಂಗ."

ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

"ಆಸೆ ಏನಿಲ್ರಿ. ಮದುವ್ಯಾಗ, ಉರುಸಿನ್ಯಾಗ ಊಟಕ್ಕ ಕರೀತಾರ. ಗೋದಿ ಹುಗ್ಗಿ ಬಡಸ್ತಾರ. ಯಾರ ಹೊಲದ ಗೋದಿ ಅಂತ ಬಾಯಾಗ ಇಟ್ಟ ಕೂಡ್ಲೆ ನನಗ ತಿಳೀತೈತಿ. ಇದನ್ನ ನಾ ಬಿತ್ತೇನಿ ಅಂತ ಬಾಜೂದವ್ರಿಗೆ ಹೇಳಬೇಕು ಅನಸ್ತೈತಿ." ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಹೇಳೂದಿಲ್ರಿ. ಸುಮ್ಮ ಇನ್ನೊಂದ್ ಸವುಟು ಹಾಕಿಸ್ಕೋತೇನಿ."