ವೆಂಡೆಲ್ ಹ್ರುಷ್ಕಾ ಕೊಟ್ಟ ಬೆಲೆ

ವೆಂಡೆಲ್ ಹ್ರುಷ್ಕಾ ಅವರು ಯಾರ ಬಗ್ಗೆಯೂ ಕೆಟ್ಟ ಮಾತು ಆಡುತ್ತಿರಲಿಲ್ಲ. ಒಂದು ತರಹದವರನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಎರಡು ವರ್ಷ ಇಟ್ಟುಕೊಂಡು, ಮೂರನೆಯ ವರ್ಷಕ್ಕೆ ಕಾಯದೆ ಹುಡುಗನನ್ನು ಕೈಬಿಡುವವರು.

ಹುಡುಗರೆಂದರೆ ರಿಸೀವರ್‌ಗಳು. ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ನಮ್ಮ ಕಡೆಯ ಫುಟ್‌ಬಾಲಿನಲ್ಲಿ ದೂರ ಓಡಿಹೋಗಿ, ಹಿಂದಿನಿಂದ ಎಸೆದ ಚೆಂಡನ್ನು ಹಿಡಿಯುವವರು. ನಮ್ಮ ಊರಿಗೆ ಹಿಂದೆ ವಲಸೆ ಬಂದ ಸ್ಲೊವಾಕ್ ಜನ ಕಟ್ಟಿದ ಕ್ಲಬ್ಬಿನಲ್ಲಿ ಹತ್ತು ಜನರ ಒಂದು ಫ್ಯಾಂಟಸಿ ಲೀಗ್ ಇದೆ. ದೇಶದ ನಿಜವಾದ ಆಟಗಾರರನ್ನು ಹತ್ತು ಜನ ಹಂಚಿಕೊಂಡಿದ್ದಾರೆ. ಭಾನುವಾರ ಆಟಗಾರ ಮೈದಾನದಲ್ಲಿ ಏನು ಮಾಡುತ್ತಾನೋ ಅದು ಇಲ್ಲಿ ಅವನ ಒಡೆಯನಿಗೆ ಅಂಕವಾಗುತ್ತದೆ. ಬೇರೆ ಲೀಗುಗಳಲ್ಲಿ ವರ್ಷಕ್ಕೊಮ್ಮೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಂಚುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಒಮ್ಮೆ ನಿಮ್ಮವನಾದವನು ನೀವಾಗಿ ಬಿಟ್ಟುಕೊಡುವವರೆಗೂ ನಿಮ್ಮವನೇ. ಆದ್ದರಿಂದ ಇಪ್ಪತ್ತೊಂದು ವರ್ಷದ ಹುಡುಗ ಇಪ್ಪತ್ನಾಲ್ಕಕ್ಕೆ ಏನಾಗುತ್ತಾನೆ ಎಂದು ಊಹಿಸಬಲ್ಲವರಿಗೆ ಇಲ್ಲಿ ಕೆಲಸವಿದೆ. ವೆಂಡೆಲ್ ಅವರು ಆ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದರು.

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದುದು ನದಿಯ ಲಾಕಿನ ಕೆಲಸ. ಕಲ್ಲಿದ್ದಲು ದೋಣಿ ಬಂದರೆ ಕಟ್ಟೆಯ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಇಳಿಸಿ, ದೋಣಿಯನ್ನು ಆಚೆಗೆ ಬಿಡಬೇಕು. ಈಚೆಗೆ ದೋಣಿಗಳು ಕಡಿಮೆ. ಎರಡು ದೋಣಿಗಳ ನಡುವಿನ ಸಮಯದಲ್ಲಿ ಅವರು ಹಳೆಯ ಆಟಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಮದುವೆಯಾಗಿರಲಿಲ್ಲ. ಮೆಟ್ಟಿಲು ಹತ್ತಿ ಹೋಗಬೇಕಾದ ಗುಡ್ಡದ ಮನೆಯಲ್ಲಿ ಒಬ್ಬರೇ ಇದ್ದರು.

ನಾನು ಶಾಲೆ ಬಿಟ್ಟ ಮೇಲೆ ಕೆಲವು ಭಾನುವಾರ ಅಲ್ಲಿಗೆ ಆಟ ನೋಡಲು ಹೋಗುತ್ತಿದ್ದೆ. ಅವರು ಶಾಲೆಯ ಮಾತು ಎತ್ತುತ್ತಿರಲಿಲ್ಲ. ಆಟ ನಡೆಯುವಾಗ ಎಲ್ಲರೂ ಚೆಂಡನ್ನು ನೋಡಿದರೆ ಅವರು ಚೆಂಡು ಇಲ್ಲದ ಕಡೆ ನೋಡುತ್ತಿದ್ದರು.

"ಆ ಕಡೆಯವನ್ನ ನೋಡು. ಚೆಂಡು ತನಗೆ ಬರಲ್ಲ ಅಂತ ಅವನಿಗೆ ಗೊತ್ತು. ಆದ್ರೂ ಹೇಗೆ ಓಡ್ತಾನೆ, ಬರುತ್ತೇನೋ ಅನ್ನೋ ಹಾಗೆ. ಎಷ್ಟು ಹಿಡಿದ ಅಂತ ಎಲ್ಲರೂ ಎಣಿಸ್ತಾರೆ. ಎಸೆಯೋನು ಸರಿಯಿಲ್ಲ ಅಂದ್ರೆ ಇವನೇನು ಮಾಡ್ತಾನೆ ಪಾಪ."

ಅವರ ಕ್ರಮ ಹೀಗಿತ್ತು. ಮೊದಲ ವರ್ಷ ಹೊಸ ಹುಡುಗನ ಹತ್ತಿರ ಹೋಗಬಾರದು, ಆಗ ಅವನ ಒಡೆಯ ಆಕಾಶದ ಬೆಲೆ ಹೇಳುತ್ತಾನೆ. ಎರಡನೆಯ ವರ್ಷ ಗಾಯವಾಗುತ್ತದೆ, ಅಥವಾ ತಂಡ ಸೋಲುತ್ತಲೇ ಇರುತ್ತದೆ, ಒಡೆಯನಿಗೆ ಬೇಸರ ಬರುತ್ತದೆ. ಆಗ ಕೇಳಬೇಕು. ಭಾನುವಾರದ ಸಿಟ್ಟು ಇಳಿದು ಬೇಸರ ಮಾತ್ರ ಉಳಿದಿರುವ ಮಂಗಳವಾರ ಬೆಳಿಗ್ಗೆ ಅವರು ಫೋನ್ ಮಾಡುತ್ತಿದ್ದರು. ಹೀಗೆ ತಂದ ಹುಡುಗರಲ್ಲಿ ಎಷ್ಟೋ ಜನ ದೊಡ್ಡ ಆಟಗಾರರಾದರು. ಆದರೆ ಹುಡುಗ ದೊಡ್ಡವನಾದ ಕೂಡಲೇ ಅವರು ಅವನನ್ನು ಕೊಟ್ಟು ಇನ್ನಿಬ್ಬರು ಚಿಕ್ಕವರನ್ನು ತಂದುಕೊಳ್ಳುತ್ತಿದ್ದರು. ಹಾಗಾಗಿ ವರ್ಷದ ಕೊನೆಗೆ ಗೆದ್ದವರಿಗೆ ಕೊಡುವ ಕಪ್ ಒಮ್ಮೆಯೂ ಅವರಿಗೆ ಬರಲಿಲ್ಲ.

ಕ್ಲಬ್ಬಿನ ಬಾರ್ ನೋಡಿಕೊಳ್ಳುವ ಎಮಿಲ್ ಪಾವ್ಲಿಕ್ ಅವರೇ ಲೀಗಿನ ಮುಖ್ಯಸ್ಥರು. ಅವರು ರೇಗಿಸುತ್ತಿದ್ದರು.

"ಲೋ ವೆಂಡೆಲ್, ನಿನ್ನ ತಂಡ ಗೆಲ್ಲೋ ಹೊತ್ತಿಗೆ ನಾವೆಲ್ಲ ಗುಡ್ಡದ ಮೇಲೆ ಮಣ್ಣಲ್ಲಿ ಮಲಗಿರ್ತೀವಿ ಕಣೋ."

"ನೀನು ಮಲಗು. ನನ್ನ ಹುಡುಗರು ಓಡ್ತಿರ್ತಾರೆ."

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ವೆಂಡೆಲ್ ಅವರಿಗೆ ಹೊಟ್ಟೆನೋವು ಬಂತು. ದೊಡ್ಡ ಆಸ್ಪತ್ರೆಯಲ್ಲಿ ನೋಡಿದಾಗ ಮೇದೋಜೀರಕದಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಮುಂದಿನ ಬೇಸಿಗೆ ನೋಡುವುದು ಕಷ್ಟ ಎಂದಿದ್ದರಂತೆ. ಅವರು ಯಾರಿಗೂ ಹೇಳಲಿಲ್ಲ. ಊರಿಗೆ ಗೊತ್ತಾಯಿತು. ಗೊತ್ತಿದೆ ಎಂದು ಊರೂ ಅವರಿಗೆ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಆಟ ಶುರುವಾದಾಗ ಎಮಿಲ್ ಅವರು ತಾವಾಗಿಯೇ ಓರಿನ್ ಬ್ಲೇಕ್ಲಿಯನ್ನು ಕೊಡಲು ಬಂದರು. ಬ್ಲೇಕ್ಲಿ ಆ ವರ್ಷ ಅತಿ ಹೆಚ್ಚು ಅಂಕ ತರುತ್ತಿದ್ದ ರಿಸೀವರ್. ವೆಂಡೆಲ್ ಅವರು ಮೂರು ವರ್ಷ ಕೇಳಿದರೂ ಕೊಡದಿದ್ದವನನ್ನು, ಯಾರೂ ಹೆಸರು ಕೇಳಿರದ ಇಬ್ಬರು ಹುಡುಗರಿಗೆ ಬದಲಾಗಿ ಕೊಟ್ಟುಬಿಟ್ಟರು. ತಮ್ಮ ಹುಡುಗರ ಬೆಲೆ ಎಮಿಲ್‌ಗೂ ಕಾಣಿಸಿತಲ್ಲ ಎಂದು ವೆಂಡೆಲ್ ಅವರಿಗೆ ಖುಷಿಯಾಯಿತು. ಅದಾದ ಮೇಲೆ ಗ್ಯಾರೇಜಿನ ರೂಡಿ ಅವರೂ ಒಬ್ಬ ಒಳ್ಳೆಯ ಆಟಗಾರನನ್ನು ಅಗ್ಗಕ್ಕೆ ಬಿಟ್ಟುಕೊಟ್ಟರು. ವೆಂಡೆಲ್ ಅವರ ತಂಡ ಮೊದಲ ಸ್ಥಾನಕ್ಕೆ ಬಂತು.

ಅಕ್ಟೋಬರಿನ ಒಂದು ಮಂಗಳವಾರ ಅವರು ರೂಡಿಗೆ ಫೋನ್ ಮಾಡಿ, ರೂಡಿಯ ತಂಡದ ಅತ್ಯುತ್ತಮ ಆಟಗಾರನನ್ನು ಕೇಳಿದರು. ಬದಲಿಗೆ ಒಬ್ಬನ ಹೆಸರು ಹೇಳಿದರು. ಅವನು ಹಿಂದಿನ ವರ್ಷವೇ ಆಟ ಬಿಟ್ಟು ಮನೆಗೆ ಹೋಗಿದ್ದವನು. ಅದು ರೂಡಿಗೆ ಚೆನ್ನಾಗಿ ಗೊತ್ತಿತ್ತು.

ರೂಡಿ ಹೇಳಿದರು: "ಆಗ್ಲಿ ಬಿಡು ವೆಂಡೆಲ್. ತಗೋ."

"ತಮಾಷೆಗೆ ಕೇಳ್ದೆ," ಎಂದು ವೆಂಡೆಲ್ ಅವರು ಫೋನ್ ಇಟ್ಟರು. ಊರಿಗೆ ಎಲ್ಲವೂ ಗೊತ್ತಿದೆ ಎಂದು ಅವರಿಗೆ ತಿಳಿದದ್ದು ಹೀಗೆ.

ಆ ವಾರದ ಗುರುವಾರ ಅವರು ಕ್ಲಬ್ಬಿನ ಅಡುಗೆಮನೆಗೆ ಬಂದರು. ನನ್ನ ಅಮ್ಮ ನಡೀನ್ ಶುಕ್ರವಾರದ ಊಟಕ್ಕೆ ಪಿಯರೋಗಿ ಮಾಡುತ್ತಿದ್ದಳು, ಹಿಟ್ಟಿನೊಳಗೆ ಆಲೂಗಡ್ಡೆ ಇಟ್ಟು ಅಂಚು ಒತ್ತುವ ಕೆಲಸ. ಅಮ್ಮನೂ ಲೀಗಿನಲ್ಲಿದ್ದಾಳೆ, ಬೆಲೆ ಹೇಳುವುದರಲ್ಲಿ ಅವಳಷ್ಟು ಕಠಿಣರು ಇನ್ನೊಬ್ಬರಿಲ್ಲ. ಜಮೀರ್ ವೆದರ್ಸ್ ಎಂಬ ಎರಡನೆಯ ವರ್ಷದ ರಿಸೀವರ್ ಅವಳ ತಂಡದಲ್ಲಿದ್ದ. ಪಾದದ ಕೀಲು ಮುರಿದು ಆ ವರ್ಷವೆಲ್ಲ ಹೊರಗೆ ಕೂತಿದ್ದ. ಮುಂದೆ ನಡೆದದ್ದನ್ನು ಅಮ್ಮ ನನಗೆ ಒಂದೇ ಸಲ ಹೇಳಿದ್ದಾಳೆ. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

"ವೆದರ್ಸ್‌ಗೆ ಏನ್ ಕೇಳ್ತೀಯ, ನಡೀನ್?"

"ಕಾಲು ಮುರ್ಕೊಂಡು ಕೂತಿರೋನು. ಹಾಗೇ ತಗೊಂಡು ಹೋಗು."

ವೆಂಡೆಲ್ ಅವರು ಟೋಪಿ ತೆಗೆದು ಮೇಜಿನ ಮೇಲೆ, ಹಿಟ್ಟಿನ ಮೇಲೆಯೇ ಇಟ್ಟರು.

"ನೀನೂನಾ."

"ಏನು ನಾನೂನಾ?"

"ಹೋದ ವರ್ಷ ತಡೀಲಾರದೆ ಇದೇ ಹುಡುಗನ್ನ ಕೇಳಿದ್ದಕ್ಕೆ ನನ್ನ ಕಿಡ್ನಿ ಕೇಳಿದ್ದೆ ನೀನು. ಒಂದು ಸಾಲಲ್ಲ, ಎರಡೂ ಬೇಕು ಅಂದಿದ್ದೆ."

"ಹೋದ ವರ್ಷ ಅವನು ಓಡ್ತಿದ್ದ."

"ಹೋದ ವರ್ಷ ನಾನೂ ಓಡ್ತಿದ್ದೆ."

ಅಮ್ಮನ ಕೈಯಲ್ಲಿದ್ದ ಪಿಯರೋಗಿಯ ಅಂಚು ಬಿಟ್ಟುಹೋಗಿ ಆಲೂಗಡ್ಡೆ ಹೊರಗೆ ಬಂತು. ಅವಳು ಅದನ್ನು ಬದಿಗಿಟ್ಟಳು.

"ಯಾರು ಹೇಳಿದ್ರು ನಿಂಗೆ?" ಎಂದರು ವೆಂಡೆಲ್ ಅವರು.

"ಯಾರು ಹೇಳ್ಬೇಕು? ನಿನ್ನ ಗಾಡಿ ಆಸ್ಪತ್ರೆ ಮುಂದೆ ನಿಂತಿದ್ರೆ ಈ ಊರಿಗೆ ಅಷ್ಟೇ ಸಾಕು."

"ನೋಡು ನಡೀನ್. ನಂಗೆ ಬರೋದು ಒಂದೇ ಕೆಲಸ. ಬೇರೆಯವರು ಬೇಡ ಅಂದಿದ್ರಲ್ಲಿ ಏನಿದೆ ಅಂತ ನೋಡೋದು. ಎಲ್ಲರೂ ಎಲ್ಲಾನೂ ಸುಮ್ನೆ ಕೊಟ್ಬಿಟ್ರೆ ನಾನು ನೋಡೋಕೇನಿದೆ? ಆಗ್ಲೇ ಸತ್ತೋನಿಗೆ ಎಡೆ ಇಟ್ಟ ಹಾಗೆ ಇಡ್ತಿದೀರ. ಒಂದೇ ಒಂದು ವ್ಯಾಪಾರ ನೆಟ್ಟಗೆ ಮಾಡ್ಬೇಕು ನಂಗೆ. ಬೆಲೆ ಹೇಳು."

ಅಮ್ಮ ಯೋಚಿಸಿದಳು. ಪ್ರತಿ ವಸಂತದಲ್ಲಿ ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಲೀಗಿನವರು ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಆ ಸರದಿಗಳನ್ನು ಮುಂಚಿತವಾಗಿ ಅದಲುಬದಲು ಮಾಡಬಹುದು.

"ಮುಂದಿನ ಎರಡು ವರ್ಷದ ನಿನ್ನ ಮೊದಲ ಸರದಿ ಕೊಡು."

"ಅದು ನನ್ನ ಜೇಬಿಂದ ಹೋಗೋದಲ್ಲ. ಆ ವರ್ಷ ನಾನಿರಲ್ಲ. ಅದೂ ಪುಕ್ಕಟೆನೇ. ಈ ವರ್ಷದ್ದು ಕೇಳು."

ಈ ವರ್ಷದ್ದು ಎಂದರೆ ಏನೆಂದು ಅಮ್ಮನಿಗೆ ಗೊತ್ತಿತ್ತು. ಅದನ್ನು ಕೊಟ್ಟರೆ ಕಪ್ ಹೋಗುತ್ತದೆ ಎಂದೂ ಗೊತ್ತಿತ್ತು. ಅವಳು ಇನ್ನೊಂದು ಪಿಯರೋಗಿ ಒತ್ತಿ ಮುಗಿಸಿದಳು.

"ಬ್ಲೇಕ್ಲಿ," ಎಂದಳು. "ಜೊತೆಗೆ ನಿನ್ನ ಕಿಕ್ಕರ್."

"ಬ್ಲೇಕ್ಲಿ ತಗೋ. ಕಿಕ್ಕರ್ ಕೊಡಲ್ಲ."

"ಹಾಗಾದ್ರೆ ವೆದರ್ಸ್ ಇಲ್ಲೇ ಇರ್ತಾನೆ. ಹೋಗು, ಹಿಟ್ಟಿನ ಮೇಲಿಂದ ಆ ಟೋಪಿ ಎತ್ಕೋ ಮೊದ್ಲು."

ಚೆಂಡು ಒದೆಯುವುದಷ್ಟೇ ಕೆಲಸವಾದ, ಯಾರೂ ಹೆಚ್ಚು ಬೆಲೆ ಕಟ್ಟದ ಒಬ್ಬ ಕಿಕ್ಕರಿಗಾಗಿ ಅವರಿಬ್ಬರೂ ನೀರು ಕುದಿದು ಆವಿ ತುಂಬುವವರೆಗೆ ಜಗಳವಾಡಿದರು. ಅಮ್ಮ ಒಂದು ಹೆಜ್ಜೆಯೂ ಸುಮ್ಮನೆ ಬಿಟ್ಟುಕೊಡಲಿಲ್ಲವಂತೆ. ಕೊನೆಗೆ ಕಿಕ್ಕರ್ ವೆಂಡೆಲ್ ಅವರ ಹತ್ತಿರವೇ ಉಳಿದ.

"ದರೋಡೆಕೋರಳು ನೀನು," ಎಂದರು ಅವರು, ಟೋಪಿ ಕೊಡವಿ ಹಾಕಿಕೊಳ್ಳುತ್ತ.

"ಮುದಿ ಜಿಪುಣ."

ಬಾಗಿಲಲ್ಲಿ ನಿಂತು ಅವರು ಇನ್ನೊಂದು ಮಾತು ಹೇಳಿದರು: "ಇದು ಯಾಕೆ ಅಂತ ಕ್ಲಬ್ಬಿನವರಿಗೆ ಹೇಳ್ಬೇಡ. ಹೇಳಿದ್ರೆ ಅದಕ್ಕೂ ಅಯ್ಯೋ ಪಾಪ ಅಂತಾರೆ."

ಅಮ್ಮ ಹೇಳಲಿಲ್ಲ. ಮರುದಿನ ಎಮಿಲ್ ಅವರು ಮೀನು ಕರಿಯುತ್ತಿದ್ದ ಅಮ್ಮನ ಬಳಿಗೆ ಬಂದು ಎಲ್ಲರ ಮುಂದೆ ಕೇಳಿದರು.

"ನಡೀನ್, ಆ ಮನುಷ್ಯ ಒಂದೇ ಒಂದು ಸಲ ಕಪ್ ಮುಟ್ಲಿ ಅಂತ ಬ್ಲೇಕ್ಲಿನ ಕೊಟ್ಟೆ ನಾನು. ನೀನು ಮುರಿದ ಕಾಲು ಕೊಟ್ಟು ಅದನ್ನ ಕಿತ್ಕೊಂಡ್ಯಲ್ಲ."

"ಅವನು ಕೇಳ್ದ, ನಾನು ಬೆಲೆ ಹೇಳ್ದೆ."

"ಅವನ ತಲೆ ಈಗ ನೆಟ್ಟಗಿಲ್ಲ. ಔಷಧ ತಗೊಳ್ತಿದಾನೆ. ನಾನು ಇದನ್ನ ರದ್ದು ಮಾಡ್ತೀನಿ."

ಮುಖ್ಯಸ್ಥರಾಗಿ ಅವರಿಗೆ ಆ ಅಧಿಕಾರವಿತ್ತು. ಆದರೆ ವೆಂಡೆಲ್ ಅವರು ಲಾಕಿನಿಂದಲೇ ಫೋನ್ ಮಾಡಿ, "ಮುಟ್ಟಿದ್ರೆ ನಾನು ಲೀಗ್ ಬಿಟ್ಟು ಹೋಗ್ತೀನಿ," ಎಂದರಂತೆ. ಎಮಿಲ್ ಮುಟ್ಟಲಿಲ್ಲ. ಅಮ್ಮನ ಜೊತೆ ಮಾತು ಬಿಟ್ಟರು. ರೂಡಿ ನಮ್ಮ ಗಾಡಿಯ ಬ್ರೇಕ್ ಸರಿಮಾಡಿದಾಗಲೂ ಕೀಲಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಗುರುವಾರ ಪಿಯರೋಗಿ ಮಾಡಲು ಬರುವ ಹೆಂಗಸರು ಅಮ್ಮ ಕೂತ ಮೇಜನ್ನು ಬಿಟ್ಟು ಬೇರೆ ಮೇಜಿಗೆ ಕೂತರು. ಅಮ್ಮ ಒಬ್ಬಳೇ ಒತ್ತಿದಳು.

ವೆಂಡೆಲ್ ಅವರ ತಂಡ ಸೋಲತೊಡಗಿತು. ನಾಲ್ಕನೆಯ ಸ್ಥಾನಕ್ಕೆ ಇಳಿದು, ಸೆಮಿಫೈನಲಿನಲ್ಲಿ ಹೊರಬಿತ್ತು. ಬ್ಲೇಕ್ಲಿಯ ಅಂಕಗಳಿಂದ ಗೆದ್ದದ್ದು ಅಮ್ಮ.

ಜನವರಿಯ ಒಂದು ಮಧ್ಯಾಹ್ನ ಕ್ಲಬ್ಬಿನಲ್ಲಿ ಕಪ್ ಕೊಟ್ಟರು. ರೂಡಿಯ ತೋಳು ಹಿಡಿದುಕೊಂಡು ವೆಂಡೆಲ್ ಅವರೂ ಬಂದಿದ್ದರು. ಕೋಟು ಅವರ ಮೈಮೇಲೆ ಬೇರೆಯವರದ್ದೆಂಬಂತೆ ತೂಗುತ್ತಿತ್ತು. ಎಮಿಲ್ ಅವರು ಕಪ್ಪನ್ನು ಅಮ್ಮನ ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟು ಗ್ಲಾಸು ಒರೆಸಲು ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೆಂಡೆಲ್ ಅವರು ತಟ್ಟಿದರು. ಕೈಗಳು ಸೊರಗಿದ್ದರಿಂದ ಸದ್ದು ಬರಲಿಲ್ಲ.

"ವೆದರ್ಸ್ ಮತ್ತೆ ಓಡಕ್ಕೆ ಶುರು ಮಾಡಿದಾನಂತೆ," ಎಂದು ಅಮ್ಮನಿಗೆ ಹೇಳಿದರು. "ಮುಂದಿನ ವರ್ಷ ಅಳ್ತೀಯ ನೀನು."

"ನೋಡೋಣ ಬಿಡು. ಕುಂಟ ಕುದುರೆ ಮಾರಿದೀನಿ, ನಿಂಗಿನ್ನೂ ಗೊತ್ತಾಗಿಲ್ಲ."

ಅವರು ನಕ್ಕರು. ನಕ್ಕರೆ ಅವರಿಗೆ ನೋವಾಗುತ್ತಿತ್ತು, ಪಕ್ಕೆ ಹಿಡಿದುಕೊಂಡರು. ಪಾಪದವನನ್ನು ಈಗಲೂ ಹೀಯಾಳಿಸುತ್ತಾಳಲ್ಲ ಎಂದು ರೂಡಿ ಮುಖ ತಿರುಗಿಸಿದರು.

ಫೆಬ್ರವರಿಯಲ್ಲಿ ವೆಂಡೆಲ್ ಅವರು ತೀರಿಕೊಂಡರು.

ಒಡೆಯನಿಲ್ಲದ ತಂಡವನ್ನು ಈ ಆಟದಲ್ಲಿ ಅನಾಥ ತಂಡ ಎನ್ನುತ್ತಾರೆ. ಅವರ ತಂಡವನ್ನು ಎಮಿಲ್ ಅವರ ಸೋದರಳಿಯ ವಹಿಸಿಕೊಂಡ. ಮೇ ತಿಂಗಳಿನಲ್ಲಿ ವೆದರ್ಸ್‌ನನ್ನು ಅವನ ನಿಜವಾದ ತಂಡ ಕೈಬಿಟ್ಟಿತು, ಕೀಲು ಸರಿಯಾಗಿ ಕೂಡಿರಲಿಲ್ಲ. ಸೋದರಳಿಯನೂ ಅದೇ ದಿನ ಅವನನ್ನು ಪಟ್ಟಿಯಿಂದ ತೆಗೆದುಹಾಕಿದ. ವೆಂಡೆಲ್ ಅವರು ತಪ್ಪಾಗಿ ನೋಡಿದ್ದರೋ, ಕಾಲು ಮುರಿಯದಿದ್ದರೆ ಅವರು ಹೇಳಿದಂತೆ ಆಗುತ್ತಿತ್ತೋ, ನಾನು ಹೇಳಲಾರೆ. ಆ ಹುಡುಗ ಚೆಂಡಿಲ್ಲದೆ ಓಡಿದ ಹಳೆಯ ಆಟಗಳನ್ನು ಮತ್ತೆ ಹಾಕಿ ನೋಡಿದ್ದೇನೆ. ಚೆನ್ನಾಗಿಯೇ ಓಡಿದ್ದಾನೆ.

ಕಳೆದ ಶುಕ್ರವಾರ ಎಮಿಲ್ ಅವರು ಬಹಳ ತಿಂಗಳ ಮೇಲೆ ಅಮ್ಮನನ್ನು ಮಾತಾಡಿಸಿದರು. ಬಾರಿನ ಹಿಂದಿನಿಂದ, ಮುಖ ನೋಡದೆ.

"ನಿನ್ನ ಹಳೇ ವೆದರ್ಸ್ ಯಾರಿಗೂ ಬೇಡವಾಗಿ ಬಿದ್ದಿದಾನೆ. ಬೇಕಿದ್ರೆ ತಗೋ. ಪುಕ್ಕಟೆ."

"ಬೇಡ," ಎಂದಳು ಅಮ್ಮ.

"ಅಷ್ಟೇ ತಾನೆ ಅವನ ಬೆಲೆ. ನಿಂಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೇ ವೆಂಡೆಲ್ ತಲೆಗೆ ಕಟ್ಟಿದೆ."

ಅಮ್ಮ ಮೀನಿನ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.