ಕಣ್ಣು ಮುಚ್ಚಿ ನುಡಿಸಿದ ತೋಡಿ

ಮೊನ್ನೆ ವಿಜಯನಗರದ ಬಸ್ಸಿನಲ್ಲಿ ಯಾರದೋ ಫೋನು ಗಟ್ಟಿಮೇಳದ ರಿಂಗ್‌ಟೋನಿನಲ್ಲಿ ಹೊಡೆದುಕೊಂಡಿತು. ಪಕ್ಕದ ಹೆಂಗಸು ಬೆಚ್ಚಿದರು. ನನಗೆ ಮಾತ್ರ ಹಳೆಯ ತಪ್ಪೊಂದು ನೆನಪಾಯಿತು. ನಿಮ್ಮ ಹತ್ತಿರ ಹೇಳಿಕೊಂಡರೆ ಹಗುರಾದೀತು.

ಮೈಸೂರು ರಸ್ತೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ಬಾಪೂಜಿ ನಗರದ ನಮ್ಮ ಹಿಂದಿನ ಬೀದಿಯಲ್ಲಿ ಮುನಿಸ್ವಾಮಪ್ಪ ಅಂತ ನಾದಸ್ವರದವರಿದ್ದರು. ಮದುವೆ ಸೀಸನ್ನಿನಲ್ಲಿ ಕೈಗೇ ಸಿಗುತ್ತಿರಲಿಲ್ಲ. ಒಮ್ಮೆ ಬಿಡುವಾಗಿದ್ದಾಗ ಅಂದರು: "ಮೂವತ್ತು ವರ್ಷದಿಂದ ತೋಡಿ ರಾಗ ಶುರು ಮಾಡ್ತಾನೇ ಇದೀನಿ ಸಾರ್. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತ್ರು ಬೆರಳೆತ್ತುತಾರೆ, ಅಲ್ಲಿಗೇ ಬಿಟ್ಟು ಗಟ್ಟಿಮೇಳ ಊದ್ಬೇಕು. ಒಂದ್ಸಲನಾದ್ರೂ ಪೂರ್ತಿ ನುಡಿಸ್ಬೇಕು ಅಂತ ಆಸೆ."

ನಾನಾಗ ರಾಮನವಮಿ ಸಮಿತಿಯ ಕಾರ್ಯದರ್ಶಿ. ಕೆಲಸಕ್ಕಿಂತ ಓಡಾಟ ಜಾಸ್ತಿ. ಪೆಂಡಾಲಿನಲ್ಲಿ ಅವರದೊಂದು ಕಚೇರಿ ಇಡೋಣ ಎಂದೆ. "ವಾಲಗದೋರಿಗೆ ಕಚೇರಿ ಯಾಕ್ರೀ? ಜನ ನಗ್ತಾರೆ," ಎಂದರು ಅಧ್ಯಕ್ಷರು. ನಕ್ಕರೆ ನನ್ನನ್ನು ಕೇಳಿ ಎಂದು ಹಟ ಹಿಡಿದು ಒಂದು ಸಂಜೆ ಕೊಡಿಸಿದೆ. ನನ್ನ ದಿಮಾಕು ನೋಡಿ.

ಮುನಿಸ್ವಾಮಪ್ಪ ಇಸ್ತ್ರಿ ಪಂಚೆ ಉಟ್ಟು ಬಂದರು. ಅವರ ಹೆಂಡತಿ ಮೊದಲ ಸಾಲಿನಲ್ಲಿ ಕೂತರು. ತೋಡಿ ಚೆನ್ನಾಗಿ ಏರುತ್ತಿತ್ತು. ಆದರೆ ಕಣ್ಣು ಮಾತ್ರ ಅಭ್ಯಾಸಬಲದಿಂದ ವೇದಿಕೆಯ ಬಲಕ್ಕೇ, ಮದುವೆಯಲ್ಲಿ ಪುರೋಹಿತರು ಕೂರುವ ಕಡೆಗೇ ನೆಟ್ಟಿತ್ತು. ಅಲ್ಲಿ ನಿಂತಿದ್ದವನು ನಾನು. ಹಿಂದಿನ ಸಾಲಿಗೆ ಪಾನಕ ತಲುಪಿಲ್ಲವೆಂದು ಹಂಚುವವರಿಗೆ ಬೆರಳೆತ್ತಿ ಸನ್ನೆ ಮಾಡಿದೆ.

ಅಷ್ಟೇ. ತೋಡಿ ತುಂಡಾಗಿ ಗಟ್ಟಿಮೇಳ ಮೊಳಗಿತು. ಡೋಲು ಹಿಡಿದಿದ್ದ ಅವರ ಭಾಮೈದನೂ ಹಿಂದೆ ಬೀಳಲಿಲ್ಲ. ನಮ್ಮ ಜನ ಕಡಿಮೆಯೇ? ನಾಲ್ಕಾರು ಮಂದಿ ಎದ್ದು ನಿಂತರು. ಒಬ್ಬ ಅಜ್ಜಿ ಕೈಯಲ್ಲಿದ್ದ ಕೋಸಂಬರಿಯನ್ನೇ ಅಕ್ಷತೆ ಅಂತ ಎಸೆದರು. ಪೆಂಡಾಲಿಗೆ ಪೆಂಡಾಲೇ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನನ್ನ ಮುಖ ನೋಡಿದರು. ನಾಚಿಕೆಯಿಂದ ಸತ್ತೇ ಹೋದೆ. ಮನುಷ್ಯನ ಒಂದೇ ಒಂದು ಆಸೆಗೆ ನಾನೇ ಕಲ್ಲು ಹಾಕಿದ್ದೆ.

ಮುನಿಸ್ವಾಮಪ್ಪ ವಾದ್ಯ ಇಳಿಸಿದರು. ಬೆವರು ಒರೆಸಿಕೊಂಡು ಮೈಕಿಗೆ ಬಾಗಿದರು. "ಮುಹೂರ್ತ ಮುಗೀತು. ಕೂತ್ಕೊಳ್ಳಿ, ತೋಡಿ ಬಾಕಿ ಇದೆ."

ಆಮೇಲೆ ಕಣ್ಣು ಮುಚ್ಚಿಕೊಂಡರು. ಅವರು ಹಾಗೆ ನುಡಿಸಿದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಮುಕ್ಕಾಲು ಗಂಟೆ ರೆಪ್ಪೆ ತೆರೆಯಲಿಲ್ಲ. ನಕ್ಕವರೊಬ್ಬರೂ ಏಳಲಿಲ್ಲ. ಪಾನಕ ಹಂಡೆಯಲ್ಲೇ ಉಳಿಯಿತು.

ಅವರು ಇಳಿದು ಬಂದಾಗ ತಲೆ ತಗ್ಗಿಸಿ, "ಬೆರಳೆತ್ತಿದ್ದು ನಾನೇ" ಎಂದೆ.

"ಗೊತ್ತು ಸಾರ್. ನೀವು ಎತ್ತದೇ ಹೋಗಿದ್ರೆ ಕೊನೇವರ್ಗೂ ನಿಮ್ಮ ಕೈನೇ ಕಾಯ್ತಾ ಇರ್ತಿದ್ದೆ."

ಈಗ ಯಾವ ಮದುವೆಗೆ ಹೋದರೂ, ತಾಳಿ ಕಟ್ಟಿದ ಮೇಲೆ ಎಲ್ಲರೂ ಊಟಕ್ಕೆ ನುಗ್ಗುವಾಗ, ನಾನು ವಾಲಗದವರ ಮುಂದೆ ಹೋಗಿ ಕೂರುತ್ತೇನೆ. "ಇನ್ನು ಯಾರೂ ಕರೆಯೋದಿಲ್ಲ, ನಿಮಗಿಷ್ಟವಾದ್ದು ನುಡಿಸಿ" ಎನ್ನುತ್ತೇನೆ. ಅನುಮಾನದಿಂದ ನನ್ನನ್ನೇ ನೋಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಕಣ್ಣು ಮುಚ್ಚುತ್ತಾರೆ.