ಹೊಳೆ ತೋರಿಸುತ್ತಿದ್ದ ದೇವೀರಮ್ಮ

ದಡದಲ್ಲಿ ನಿಂತಿರುವಾಗ ದೇವೀರಮ್ಮ ಎಲ್ಲರಿಗೂ ಬಹುವಚನ ಕೊಡುತ್ತಿದ್ದಳು. ಹರಿಗೋಲು ಹತ್ತಿದ ಕೂಡಲೇ ಎಲ್ಲರೂ ಏಕವಚನಕ್ಕೆ ಇಳಿಯುತ್ತಿದ್ದರು. "ಬನ್ರವ್ವ, ಸೆರಗು ಸರ್ಯಾಗಿ ಸಿಗ್ಸ್ಕಳಿ" ಎಂದು ಕೈಹಿಡಿದು ಹತ್ತಿಸಿಕೊಂಡವಳು, ಹುಟ್ಟು ನೀರಿಗೆ ತಾಕಿದ ಮರುಗಳಿಗೆಯೇ "ಏಯ್, ಕಾಲು ಮಡ್ಚು, ಮಧ್ಯಕ್ಕೆ ಸರ್ಕೊ" ಎಂದು ಗದರುವಳು. ನಮ್ಮ ಹೆಡ್‌ಮಿಸ್ಟ್ರೆಸ್‌ಗೂ ಅದೇ ಮರ್ಯಾದೆ. ಕೇಳಿದರೆ, "ನೀರ್ ಮ್ಯಾಲೆ ನೀವು ತಾವು ಅಂತ ಕುಂತ್ರೆ ಮಾತು ಮುಗಿಯೋದ್ರೊಳ್ಗೆ ಬಂಡೆ ಬಂದ್ಬುಡ್ತದೆ ಕಣವ್ವ" ಎನ್ನುತ್ತಿದ್ದಳು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್. ನಗರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಟೀಚರಾಗಿ ಬಂದೆ. ಕೆಲಸ ಖಾಯಂ ಆಗಿರಲಿಲ್ಲ. ಚಿಕ್ಕಪ್ಪನ ಮನೆಯಲ್ಲಿ ವಾಸ. ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ದೇವೀರಮ್ಮ ಅಲ್ಲಿಂದ ಒಂದೆರಡು ಮೈಲಿ ಆಚೆಗೆ, ಕಾವೇರಿಯ ದಂಡೆಯ ಊರಿನವಳು. ಅಂಬಿಗರ ಮನೆಯಲ್ಲೇ ಹುಟ್ಟಿ ಅಂಬಿಗರ ಮನೆಗೇ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ತಾನೇ ಹುಟ್ಟು ಹಿಡಿದು ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದಳು. ಆದರೆ ಬರೀ ದಾಟಿಸುವುದು ಅವಳಿಗೆ ಬೇಸರ. ಕೆಲಸ ಮುಗಿದ ಮೇಲೆ ಒಬ್ಬಳೇ ಹರಿಗೋಲಿನಲ್ಲಿ ಕೂತು, ಹೊಳೆ ಬಂಡೆಗಳ ಸಂದಿನಲ್ಲಿ ನುಗ್ಗಿ ಇಳಿಯುವ ಕಡೆಗೆ ಬೇಕೆಂದೇ ಹೋಗುತ್ತಿದ್ದಳು. ಎಷ್ಟೋ ದೂರ ಕೆಳಗೆ ದಡ ಹತ್ತಿ, ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ಮೈಯೆಲ್ಲ ತೊಯ್ದು ನಗುತ್ತ ಊರಿಗೆ ಬರುವಳು. ಊರಿನ ಹೆಂಗಸರು ಇವಳಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಹತ್ತಿರದಲ್ಲೇ ಸೇತುವೆಯಾಗಿ ದಾಟುವವರು ಕಡಿಮೆಯಾದಾಗ, ಆ ಕೆಟ್ಟ ತಲೆಯಲ್ಲೇ ಒಂದು ಯೋಚನೆ ಹುಟ್ಟಿತು. ಒಂದು ಮಧ್ಯಾಹ್ನ ನಾವು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು.

"ಭಾನ್ವಾರ ಬಿಡುವಿದ್ರೆ ಬನ್ರವ್ವ, ಒಳೆ ತೋರುಸ್ತೀನಿ. ಏನಾರ ಕೊಡೀರಂತೆ."

"ಹೊಳೆ ನೋಡಿದ್ದೀವಲ್ಲಮ್ಮ, ದಿನಾ ನೋಡ್ತೀವಿ" ಎಂದರು ಹಿರಿಯ ಟೀಚರೊಬ್ಬರು.

"ದಡದಿಂದ ನೋಡಿದ್ದೀರಿ" ಎಂದಳು ದೇವೀರಮ್ಮ.

ದುಡ್ಡು ಕೊಟ್ಟು ನೀರಿನ ಮೇಲೆ ಸುಮ್ಮನೆ ಸುತ್ತಿ ಬರುವುದೆಂದರೆ ಆ ಕಾಲಕ್ಕೆ ನಗೆಪಾಟಲಿನ ವಿಷಯ. ಆದರೂ ನಾವು ನಾಲ್ವರು ಹೋದೆವು. ಬಂಡೆಗಳ ಸಂದು ಹತ್ತಿರವಾಗುತ್ತಿದ್ದಂತೆ ನೀರಿನ ಸದ್ದು ಹೆಚ್ಚಾಯಿತು. ನಾನು ಕಣ್ಣು ಮುಚ್ಚಿಕೊಂಡೆ. "ಕಣ್ ಬುಡು, ಇದ್ನ ನೋಡಕ್ಕೆ ತಾನೆ ಬಂದಿರೋದು" ಎಂದು ಬೈದಳು. ಬಿಟ್ಟೆ. ಹರಿಗೋಲು ಗಿರ್ರನೆ ಒಂದು ಸುತ್ತು ಸುತ್ತಿ, ಜಾರಿ, ಕೆಳಗಿನ ತಿಳಿನೀರಿಗೆ ಬಂದು ನಿಂತಾಗ ಯಾರೋ ಗಟ್ಟಿಯಾಗಿ ನಗುವುದು ಕೇಳಿಸಿತು. ನಗುತ್ತಿದ್ದವಳು ನಾನೇ. ಹಾಗೆ ಬಾಯಿ ಬಿಟ್ಟು ನಕ್ಕದ್ದು ಅದಕ್ಕೆ ಮುಂಚೆ ಯಾವಾಗಲೋ ನನಗೆ ನೆನಪಿಲ್ಲ.

ದೀಪಾವಳಿ ಕಳೆದು ನೀರು ತಗ್ಗಿದ ಮೇಲೆ ಶಿವರಾತ್ರಿಯವರೆಗೆ ಅವಳ ಹೊಳೆ ತೋರಿಸುವ ಕೆಲಸ ನಡೆಯಿತು. ಹೆಂಗಸರನ್ನು ಮಾತ್ರ ಕರೆದೊಯ್ಯುತ್ತಿದ್ದಳು. ಗುಮಾಸ್ತರ ಹೆಂಡಂದಿರು, ಆಸ್ಪತ್ರೆಯ ನರ್ಸುಗಳು, ತವರಿಗೆ ಬಂದ ಹೆಣ್ಣುಮಕ್ಕಳು ಬಂದರು. ನಡುಗಡ್ಡೆಯಲ್ಲಿ ಇಳಿಸಿ ಮೀನು ಸುಟ್ಟು ಕೊಡುವಳು. ನಮ್ಮಲ್ಲಿ ಕೆಲವರು ತನ್ನ ಕೈಯಿಂದ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಥವರಿಗೆಂದು ಬಾಳೆಹಣ್ಣು ತಂದು ದೂರದಲ್ಲಿ ಇಟ್ಟಿರುತ್ತಿದ್ದಳು. ಮರುವರ್ಷ ಬಿದಿರು ತರಿಸಿ ತಾನೇ ಕೂತು ಇನ್ನೂ ದೊಡ್ಡದೊಂದು ಹರಿಗೋಲು ಹೆಣೆದಳು. ನಾನಂತೂ ತಪ್ಪದೆ ಹೋಗುತ್ತಿದ್ದೆ. ಎಲ್ಲ ಬಲ್ಲವಳಂತೆ ಹೊಸಬರಿಗೆ ಬುದ್ಧಿ ಹೇಳುತ್ತಿದ್ದೆ.

ಆ ವರ್ಷ ತಾಲ್ಲೂಕಿನ ಅಧಿಕಾರಿಯೊಬ್ಬರ ಹೆಂಡತಿಯನ್ನು ನಾನೇ ಒತ್ತಾಯ ಮಾಡಿ ಕರೆತಂದೆ. ಅವತ್ತು ಹರಿಗೋಲಿನಲ್ಲಿ ನಾವು ಮೂವರೇ. ಬಂಡೆಗಳ ಹತ್ತಿರ ಬಂದಾಗ ನೀರುನಾಯಿಗಳು ಕಂಡವು. ಆಕೆಗೆ ತೋರಿಸುವ ಉಮೇದಿನಲ್ಲಿ ನಾನು ಎದ್ದು ನಿಂತು ಕೈಚಾಚಿದೆ. ಹರಿಗೋಲು ವಾಲಿತು. ನಾನು ಅಂಚು ಹಿಡಿದು ಕುಸಿದೆ. ನನಗೆ ಬೆನ್ನು ಮಾಡಿ ಕೂತಿದ್ದ ಆಕೆ ನೀರಿಗೆ ಬಿದ್ದರು.

ದೇವೀರಮ್ಮ ಹುಟ್ಟನ್ನು ನನ್ನ ಮಡಿಲಿಗೆ ಎಸೆದು ಧುಮುಕಿದಳು. ಹರಿಗೋಲು ಬಂಡೆಗೆ ಸಿಕ್ಕಿ ನಿಂತಿತು. ಆಕೆಯ ಜಡೆ ಹಿಡಿದು ಎಳೆದುಕೊಂಡು ಬರುವಾಗ ದೇವೀರಮ್ಮನ ಬಲಭುಜ ಬಂಡೆಗೆ ಅಪ್ಪಳಿಸಿದ್ದನ್ನು ನಾನು ಕಂಡೆ. ಎಡಗೈಯಿಂದಲೇ ಆಕೆಯನ್ನು ಬಂಡೆಯ ಮೇಲಕ್ಕೆ ನೂಕಿ ಹತ್ತಿಸಿದಳು; ಆಕೆ ನೀರು ಕಕ್ಕಿ ಉಸಿರಾಡಿದರು.

ಮರುದಿನ ಅಧಿಕಾರಿಯ ಮನೆಯ ಜಗುಲಿಗೆ ನಮ್ಮಿಬ್ಬರನ್ನೂ ಕರೆಸಿದರು. "ನೀವು ಪಕ್ಕದಲ್ಲೇ ಇದ್ದಿರಲ್ಲ ಟೀಚರ್, ಹೇಗಾಯಿತು?" ಎಂದು ಮೊದಲು ನನ್ನನ್ನೇ ಕೇಳಿದರು.

"ಗೊತ್ತಾಗಲಿಲ್ಲ ಸಾರ್. ಇದ್ದಕ್ಕಿದ್ದ ಹಾಗೆ ವಾಲಿಬಿಟ್ಟಿತು" ಎಂದೆ.

ದೇವೀರಮ್ಮ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಅವರತ್ತ ತಿರುಗಿ, "ಉಟ್ಟು ನನ್ ಕೈಲಿತ್ತು ಬುದ್ಧಿ. ತಪ್ಪು ನಂದೇಯ" ಎಂದಳು. ಇನ್ನು ಮುಂದೆ ಯಾರನ್ನೂ ಹರಿಗೋಲು ಹತ್ತಿಸಕೂಡದೆಂದು ಹೇಳಿ ಕಳಿಸಿದರು.

ನಾನು ಆ ದಾರಿಯಲ್ಲಿ ಮತ್ತೆ ಕಾಲಿಡಲಿಲ್ಲ. ಕೆಲಸ ಖಾಯಂ ಆಯಿತು, ಮದುವೆಯಾಯಿತು, ಹುಣಸೂರಿಗೆ ವರ್ಗವಾಯಿತು.

ಏಳೆಂಟು ವರ್ಷವಾಗಿರಬೇಕು. ಮತದಾರರ ಪಟ್ಟಿ ಬರೆಯುವ ಕೆಲಸಕ್ಕೆಂದು ಪಿರಿಯಾಪಟ್ಟಣದ ದಾರಿಯ ಒಂದು ಹಳ್ಳಿಗೆ ಹೋಗಿದ್ದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕೂತು ಕಡ್ಡಿಗಳಿಗೆ ಎಲೆ ಕಟ್ಟುತ್ತಿದ್ದರು. "ಟೀಚರಮ್ಮ, ಚೆಂದಾಗಿದ್ದೀರಾ?" ಎಂಬ ದನಿ ಕೇಳಿ ತಿರುಗಿದೆ. ದೇವೀರಮ್ಮ. ಎಡಗೈಯಲ್ಲಿ ಎಲೆ ಎತ್ತಿಕೊಳ್ಳುತ್ತಿದ್ದಳು. ಬಲಗೈ ಮಡಿಲಿನಿಂದ ಮೇಲೇಳುತ್ತಿರಲಿಲ್ಲ.

ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. "ದೇವೀರಮ್ಮ, ಅವತ್ತು ಎದ್ದು ನಿಂತವಳು ನಾನು" ಎಂದೆ.

"ಗೊತ್ತು ಬುಡಿ. ಅರ್ಗೋಲು ಯಾವ ಕಡೆಯಿಂದ ವಾಲ್ತು ಅಂತ ನಂಗೆ ಗೊತ್ತಾಗಕಿಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಏಳಿದ್ರೆ ನಿಮ್ ಕೆಲ್ಸಾನೂ ಓಗ್ತಿತ್ತು. ನಂದಂತೂ ಎಂಗಿದ್ರೂ ಓಗೋದೇ ಇತ್ತು." ಎಲೆ ಕಟ್ಟುತ್ತಲೇ ಮುಂದುವರಿಸಿದಳು. "ಆ ಮುಂದ್ಲ ಭಾನ್ವಾರ ದಡದಲ್ಲಿ ಕುಂತಿದ್ದೆ. ಟೀಚರಮ್ಮ ಬಂದೇ ಬತ್ತಾರೆ, ಕೈ ನೋವಿದ್ರೂ ಒಬ್ರುನ್ನ ಕರ್ಕೊಂಡೋಗ್ಬಹುದು, ಯಾರ್ ಕೇಳಾರು ಅಂತ. ಬಿಸ್ಲು ಇಳಿಯೋಗಂಟ ಇದ್ದೆ. ಅದ್ರ ಮುಂದ್ಲ ಭಾನ್ವಾರಾನೂ ಇದ್ದೆ."

ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಬ್ಯಾರನ್ನಿನವನು ಕೂಗಿದ. ಅವಳು ಎಡಗೈ ಊರಿ ಎದ್ದು, ಕಡ್ಡಿಯನ್ನು ಎಡ ಹೆಗಲಿಗೇರಿಸಿಕೊಂಡು ಒಳಗೆ ಹೋದಳು. ನನ್ನ ಜೊತೆಯ ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದರು.

ಎರಡು ವಾರ ಬಿಟ್ಟು ಮತ್ತೆ ಅಲ್ಲಿಗೆ ಹೋದೆ. ಸೊಪ್ಪಿನ ಕೆಲಸ ಮುಗಿದು ಬ್ಯಾರನ್ನಿಗೆ ಬೀಗ ಬಿದ್ದಿತ್ತು. ಕೂಲಿಯವರು ಯಾವ ಕಡೆ ಹೋದರೆಂದು ಹೇಳುವವರಿರಲಿಲ್ಲ. ಹೊಳೆದಂಡೆಯ ಅವಳ ಊರಿಗಾದರೂ ಹೋಗಿ ಕೇಳಬಹುದಿತ್ತು. ದಾರಿ ಗೊತ್ತಿತ್ತು, ಬಸ್ಸೂ ಇತ್ತು. ಹೋಗಲಿಲ್ಲ.